ಮೀನು ಸೀಳಿ ಗಣಿಯ ಲೆಕ್ಕ ಕೇಳುವವರ ಜೊತೆ

ಕೆನಡಾದ ಯೆಲ್ಲೋನೈಫ್‌ನಿಂದ ಈಶಾನ್ಯಕ್ಕೆ ಸುಮಾರು 300 ಕಿ.ಮೀ. ಹೋದರೆ ಲ್ಯಾಕ್ ಡಿ ಗ್ರಾ ಸರೋವರ. ಅದರ ನಡುಗಡ್ಡೆಯಲ್ಲಿ ಡಯಾವಿಕ್ ವಜ್ರದ ಗಣಿ. ಸರೋವರದ ಒಂದು ಭಾಗಕ್ಕೇ ಒಡ್ಡು ಕಟ್ಟಿ, ನೀರು ಹೊರಹಾಕಿ, ತಳ ಅಗೆದು 2003ರಲ್ಲಿ ಉತ್ಪಾದನೆ ಶುರು ಮಾಡಿದರು. ಗಣಿಯ ಕೊಳೆನೀರು ಶುದ್ಧೀಕರಣಗೊಂಡು ಅದೇ ಸರೋವರ ಸೇರುತ್ತದೆ. ಆ ನೀರು ಹೇಗಿದೆ ಎಂದು ನೋಡುವ ಕೆಲಸದಲ್ಲಿದ್ದ ನಾನು, ಮೂಲನಿವಾಸಿ ಹಿರಿಯರ ಮೀನಿನ ಶಿಬಿರಕ್ಕೆ ಸಹಾಯಕನಾಗಿ ಹೋಗುತ್ತಿದ್ದೆ.

ಬಲೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವವರು ಹಿರಿಯರೇ. ಮೀನು ಬಂದ ಮೇಲೆ ಮೊದಲು ಕಣ್ಣು, ಕಿವಿರು, ರೆಕ್ಕೆ ನೋಡುತ್ತಾರೆ. ಆಮೇಲೆ ಹೊಟ್ಟೆ ಸೀಳಿ ಲಿವರಿನ ಬಣ್ಣ, ಕೊಬ್ಬು ಎಷ್ಟಿದೆ, ಏನು ತಿಂದಿದೆ ಎಂಬ ತಪಾಸಣೆ. ಒಂದು ಟ್ರೌಟ್ ಬಡಕಲಾಗಿ ಕಂಡಾಗ ಟ್ಲಿಚೋ ಎಂಬ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರು ಅದನ್ನು ಬದಿಗಿಟ್ಟು, “ಇದನ್ನು ಬರೆದುಕೋ, ಆದರೆ ಒಂದೇ ಮೀನು ನೋಡಿ ಗಣಿಯನ್ನು ಬೈಯಬೇಡ” ಎಂದರು. ಅಷ್ಟು ಸಂಯಮ ಎಷ್ಟೋ ಕನ್ಸಲ್ಟೆಂಟ್‌ಗಳ ವರದಿಯಲ್ಲಿ ನನಗೆ ಕಂಡಿಲ್ಲ. ಬೇಯಿಸಿ ತಿಂದು, ರುಚಿಗೂ ಮಾಂಸದ ಹದಕ್ಕೂ ಅಂಕ ಕೊಡುತ್ತಾರೆ. ಸರೋವರದ ನೀರಲ್ಲೇ ಚಹಾ ಕಾಯಿಸಿ, ಮೇಲೆ ಪೊರೆ ಕಟ್ಟಿದೆಯೇ ಎಂದು ಲೋಟ ಓರೆ ಮಾಡಿ ನೋಡುತ್ತಾರೆ. ಮೀನಿನ ತುಣುಕುಗಳು ಲೋಹದ ಪರೀಕ್ಷೆಗೆ ಲ್ಯಾಬಿಗೂ ಹೋಗುತ್ತವೆ. ಪಾದರಸ ನಾಲಿಗೆಗೆ ಸಿಗುವುದಿಲ್ಲವಲ್ಲ.

ಇದೆಲ್ಲ ಕಂಪನಿಯ ಔದಾರ್ಯ ಅಂದುಕೊಳ್ಳಬೇಡಿ. 2000ದಲ್ಲಿ ಆದ ಪರಿಸರ ಒಪ್ಪಂದಕ್ಕೆ ಕಂಪನಿ, ಸರ್ಕಾರಗಳ ಜೊತೆ ಐದು ಮೂಲನಿವಾಸಿ ಸಂಘಟನೆಗಳೂ ಸಹಿ ಹಾಕಿವೆ. ಮರುವರ್ಷ ಸ್ವತಂತ್ರ ಸಲಹಾ ಮಂಡಳಿ ಬಂತು. ಅದು ಕಂಪನಿಯ ವರದಿಗಳನ್ನು ತನ್ನದೇ ತಜ್ಞರಿಂದ ಓದಿಸುತ್ತದೆ. ನಮ್ಮಲ್ಲಿ 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯ ಪ್ರಕಾರ ಜನರ ಅಹವಾಲು ಕೇಳುವುದು ಪರವಾನಗಿಗೆ ಮುಂಚೆ. ಆಮೇಲೆ ಆರು ತಿಂಗಳಿಗೊಮ್ಮೆ ಅನುಪಾಲನಾ ವರದಿ ಸಲ್ಲಿಸುವುದು ಕಂಪನಿಯೇ. ಪಕ್ಕದಲ್ಲಿ ಕೂತು ಅದನ್ನು ಪ್ರಶ್ನಿಸಲು ಊರವರಿಗೊಂದು ಖಾಯಂ ಕುರ್ಚಿ ನಮ್ಮ ಅಧಿಸೂಚನೆಯಲ್ಲಿಲ್ಲ.

ಶಿಬಿರಕ್ಕಿಂತ ಹೆಚ್ಚು ಬೆವರಿಳಿಸಿದ್ದು ಆಮೇಲಿನ ಸಭೆ. ಕರಡು ವರದಿಯನ್ನು ದುಭಾಷಿಯ ಮೂಲಕ ಹಿರಿಯರಿಗೆ ಸಾಲು ಸಾಲಾಗಿ ಓದಿ ಹೇಳಬೇಕು. ಹಳೆಯ ಬೇಟೆಯ ಜಾಗಗಳ ವಿವರ ಬೇಡವೆಂದು ಅವರು ಹೇಳಿದರೆ ತೆಗೆಯಲೇಬೇಕು, ಆ ಮಾಹಿತಿ ಅವರದು. ನನ್ನ ಅಚ್ಚುಕಟ್ಟಾದ ಕೋಷ್ಟಕಗಳಲ್ಲಿ ಕೆಲವು ಹಾಗೇ ಹೋದವು. ದುಭಾಷಿಗೂ ಹಿರಿಯರ ಗೌರವಧನಕ್ಕೂ ಬಜೆಟ್ಟಿನಲ್ಲಿ ಮೊದಲೇ ದುಡ್ಡಿಡದೆ ಈ ಕೆಲಸಕ್ಕೆ ಕೈಹಾಕಬಾರದು.

ಗಣಿ ಮುಚ್ಚುವ ಯೋಜನೆಗೂ ಅವರ ಮಾತು ಬೇಕಾಯಿತು. ಅಗೆದು ಗುಡ್ಡೆ ಹಾಕಿದ ಕಲ್ಲಿನ ರಾಶಿಯ ಮೇಲೆ ಕ್ಯಾರಿಬೂ (ಉತ್ತರ ಅಮೆರಿಕದ ಹಿಮಸಾರಂಗ) ಹಿಂಡು ಕಾಲು ಮುರಿದುಕೊಳ್ಳದೆ ದಾಟಬೇಕು. ಇಳಿಜಾರು ಎಷ್ಟಿರಬೇಕು, ಮೇಲ್ಮೈ ಎಷ್ಟು ನುಣುಪಾಗಿರಬೇಕು ಎಂಬ ಚರ್ಚೆಗೆ ಹಿರಿಯರು ಕೂತಾಗ, ನಕ್ಷೆಗಿಂತ ಮೊದಲು ಅವರು ಕೇಳಿದ್ದು ಆ ಗುಡ್ಡೆಯ ಮೇಲೆ ನಡೆದು ನೋಡಲು ಅವಕಾಶ.