ಕಟ್ಟು ಖಾಲಿಯಾಗುತ್ತಿದ್ದ ಆಟ
ತೀರ್ಥಹಳ್ಳಿಯ ಮಳೆಗಾಲ, ಕರೆಂಟಿಲ್ಲ. ಕೈಲಿರುವ ಎಲೆ ಬದಲಿಸಿ ಆಡುವ ಇಸ್ಪೀಟಾಟ ಡ್ರಾ ಪೋಕರ್‌ಗೆ ಸುಮ್ನೆ ಹೊಸ ನಿಯಮ ಹಾಕಿದ್ದೆ: ಅರ್ಧ ಪಾಟ್ (ಎಲ್ಲರೂ ಕಟ್ಟಿದ ಪಣ) ದೊಡ್ಡ ಕೈಗೆ, ಅಂದ್ರೆ ಎಲ್ಲರಿಗಿಂತ ಮೇಲಿನ ಐದು ಎಲೆಗೆ, ಅರ್ಧ ಸಣ್ಣ ಕೈಗೆ, ಅಂದ್ರೆ ಎಲ್ಲರಿಗಿಂತ ಕೆಳಗಿನದಕ್ಕೆ. ದುಡ್ಡಿಲ್ಲ, ಗೊರಬಲು ಅಡಿಕೆಯೇ ಪಣದ ಚಿಪ್ಸು. ಎರಡು ಸಲ ಎಲೆ ಬದಲಿಸಬಹುದು ಅಂದಿದ್ದೆ. ಮೂರನೇ ಆಟಕ್ಕೇ ಕಟ್ಟು ಖಾಲಿ!

"ಭಾವ, ಇನ್ನು ಗಾಳಿ ಎಳೀಬೇಕಾ?"

ಲೆಕ್ಕ ಹಾಕಿದೆ. ಆರು ಜನಕ್ಕೆ ಐದೈದು ಹಂಚಿದರೆ 30 ಹೋಯಿತು, ಉಳಿಯುವುದು 22. ತಲಾ ಮೂರರಂತೆ ಎರಡು ಸಲ ಬದಲಿಸಿದರೆ 36 ಬೇಕು. ಒಂದೇ ಸಲ ಅಂದೆ, 18ಕ್ಕೆ ಮುಗಿಯಿತು.

ಇನ್ನೊಂದು ತಲೆನೋವು, ಯಾರೂ ಆಟ ಬಿಡುತ್ತಿರಲಿಲ್ಲ. ಕೆಟ್ಟ ಎಲೆಗೂ ಅರ್ಧ ಪಾಲಿನ ಆಸೆ, ಅಲ್ವಾ! ಸಣ್ಣ ಕೈಯಲ್ಲಿ ಜೋಡಿ ಇರಬಾರದು, ಎಂಟಕ್ಕಿಂತ ದೊಡ್ಡ ಎಲೆಯೂ ಇರಬಾರದು, ಎಕ್ಕ ಒಂದಕ್ಕೆ ಸಮ ಅಂತ ಮಾಡಿದೆ. ಯಾರಿಗೂ ಕೂಡದಿದ್ದರೆ ಪೂರ್ತಿ ಪಾಟ್ ದೊಡ್ಡ ಕೈಗೆ. ಮುಂದಿನ ಆಟದಲ್ಲೇ ಇಬ್ಬರು ಎಲೆ ಮಗುಚಿ ಆಟ ಬಿಟ್ಟರು.