ಬೋರ್ಡಿನ ಚಿಪ್ ಕಾದರೆ ಮೊದಲು ಕರೆಂಟ್ ಅಳೆಯಿರಿ

ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ, ಬದಿಯಡ್ಕದ ಕಡೆ ಎಷ್ಟೋ ತೋಟಗಳಿಗೆ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ, ನೀರೇ ಆಧಾರ. ಸುರಂಗದಿಂದ ಬಂದ ನೀರು ಟಾಂಕಿಯಲ್ಲಿ ತುಂಬಿದಾಗ ಪಂಪ್ ಚಾಲೂ ಆಗಬೇಕು, ಇಳಿದಾಗ ಬಂದ್ ಆಗಬೇಕು. ಇದನ್ನು ತಾನಾಗಿ ಮಾಡುವ ಒಂದು ಬೋರ್ಡ್ ವಿನ್ಯಾಸ ಮಾಡಿದೆ. 12 ವೋಲ್ಟಿನ ಅಡಾಪ್ಟರ್, ಅದನ್ನು 5ಕ್ಕೆ ಇಳಿಸಲು 7805 ಎಂಬ ರೆಗ್ಯುಲೇಟರ್ ಚಿಪ್, ಎಲ್ಲ ನಡೆಸಲು ಒಂದು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್), ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್ಚಿನ ಸಿಗ್ನಲ್ ಚೊಕ್ಕ ಮಾಡಲು 74ಎಚ್‌ಸಿ14 ಚಿಪ್, ಎರಡು ಪಂಪಿಗೆ 5 ವೋಲ್ಟಿನ ಎರಡು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್).

ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ತಗಡಿನ ಮಾಡಿನ ಪಂಪ್‌ಶೆಡ್ಡಿನಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ತೊಂದರೆ ಶುರುವಾಯಿತು. ಎರಡೂ ರಿಲೇ ಹಿಡಿದು ಸ್ವಲ್ಪ ಹೊತ್ತಿಗೆ ಟಕ್ ಅಂತ ಬಿಡುತ್ತಿದ್ದವು. ತಣಿದ ಮೇಲೆ ಮತ್ತೆ ತಾವೇ ಹಿಡಿಯುತ್ತಿದ್ದವು. ಇದು 7805 ಒಳಗೆ ಅತಿಯಾಗಿ ಕಾದು ತನ್ನನ್ನು ತಾನೇ ಬಂದ್ ಮಾಡಿಕೊಳ್ಳುವ ಲಕ್ಷಣ.

"ಒಂದು ಹೀಟ್‌ಸಿಂಕ್ ಹಾಕಿಬಿಡಿ ಭಾವ, ಮುಗೀತಲ್ವಾ?" ಎಂದರು ತೋಟದವರು. ಹೀಟ್‌ಸಿಂಕ್ ಅಂದರೆ ಚಿಪ್ಪಿನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು. ನಾನು ಒಪ್ಪಲಿಲ್ಲ. ಯಾವ ಚಿಪ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ತಿಳಿಯದೆ ಹೀಟ್‌ಸಿಂಕ್ ಹಾಕಿದರೆ ಬೋರ್ಡಿನ ದೋಷ ಅದರ ಅಡಿಯಲ್ಲೇ ಉಳಿದುಬಿಡುತ್ತದೆ.

ಬೋರ್ಡನ್ನು ಮನೆಗೆ ತಂದು, ಕರೆಂಟಿಗೆ ಮಿತಿ ಹಾಕಬಹುದಾದ ಪವರ್ ಸಪ್ಲೈಗೆ ಕೊಟ್ಟೆ. ರಿಲೇ ಎರಡೂ ಆಫ್. ಲೆಕ್ಕದ ಪ್ರಕಾರ 60 ಮಿಲಿಆಂಪ್ ಸಾಕು, ಮೀಟರ್ ತೋರಿಸಿದ್ದು ಸುಮಾರು 110. ಅಂದರೆ ಇನ್ನೆಲ್ಲೋ 50 ಸೋರುತ್ತಿದೆ. ಕಿಟಕಿ ತೆರೆದು, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು, ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್ಷಿನಿಂದ ಚಿಪ್‌ಗಳ ಮೇಲೆ ತೆಳ್ಳಗೆ ಸವರಿದೆ. ಎಲ್ಲ ಕಡೆ ಒದ್ದೆ ಹೊಳೆಯುತ್ತಿರುವಾಗಲೇ 74ಎಚ್‌ಸಿ14ರ ಬೆನ್ನು ಮಾತ್ರ ಒಣಗಿ ಮಂಕಾಯಿತು. ಥರ್ಮಲ್ ಕ್ಯಾಮೆರಾ ಇಲ್ಲದವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಬೆರಳು ಇಟ್ಟು ನೋಡುವ ಅಭ್ಯಾಸ ಬೇಡ, ಸುಮ್ನೆ ಸುಟ್ಟುಕೊಳ್ಳುತ್ತೀರಿ.

ಆ ಚಿಪ್ಪಿನಲ್ಲಿ ಆರು ಇನ್ವರ್ಟರ್, ಅಂದರೆ ಬಂದ ಸಿಗ್ನಲನ್ನು ತಿರುವುಮುರುವು ಮಾಡಿ ಕೊಡುವ ಭಾಗ, ಇರುತ್ತವೆ. ನಾನು ಬಳಸಿದ್ದು ಎರಡನ್ನು. ಉಳಿದವುಗಳ ಇನ್‌ಪುಟ್ಟನ್ನು ಗ್ರೌಂಡಿಗೆ (0 ವೋಲ್ಟಿಗೆ) ಕಟ್ಟಿದ್ದೆ, ಅದು ಸರಿಯಾದ ಕ್ರಮವೇ. ಇನ್‌ಪುಟ್ ಗ್ರೌಂಡಿನಲ್ಲಿದ್ದರೆ ಔಟ್‌ಪುಟ್ 5 ವೋಲ್ಟಿಗೆ ಏರುತ್ತದೆ. ಲೆನ್ಸ್ ಹಿಡಿದು ನೋಡಿದಾಗ 6ನೇ ಕಾಲು ಮತ್ತು 7ನೇ ಕಾಲಿನ ನಡುವೆ, ಬೆಸುಗೆಗೆ ಹಚ್ಚುವ ಫ್ಲಕ್ಸಿನ ಅಡಿಯಲ್ಲಿ, ಕೂದಲಿನಷ್ಟು ಸೋಲ್ಡರ್ (ಬೆಸುಗೆಯ ಲೋಹ). 6 ಬಳಕೆಯಲ್ಲಿಲ್ಲದ ಒಂದು ಇನ್ವರ್ಟರಿನ ಔಟ್‌ಪುಟ್, 7 ಗ್ರೌಂಡ್. ಪಾಪದ ಚಿಪ್ ಗ್ರೌಂಡನ್ನು 5 ವೋಲ್ಟಿಗೆ ಎತ್ತಲು ಒದ್ದಾಡುತ್ತಿತ್ತು! ಬಳಸದ ಭಾಗವಾದ್ದರಿಂದ ಬೋರ್ಡಿನ ಕೆಲಸಕ್ಕೆ ಏನೂ ಅಡ್ಡಿ ಇರಲಿಲ್ಲ.

ಇನ್ನೊಂದು ಬೋರ್ಡಿನಲ್ಲೂ ಅದೇ ಜಾಗದಲ್ಲಿ ಸೋಲ್ಡರ್ ಸೇರಿಕೊಂಡಿತ್ತು. ಹಾಗಾದರೆ ಇದು ಕೈಬೆಸುಗೆಯ ದೋಷ ಅಲ್ಲ. ಟಿಎಸ್‌ಎಸ್‌ಒಪಿ ಎಂಬ ಪುಟ್ಟ ಮಾದರಿಯ ಈ ಚಿಪ್ಪಿನ ಕಾಲಿಂದ ಕಾಲಿಗೆ 0.65 ಮಿಲಿಮೀಟರ್ ಮಾತ್ರ. ಕಾಲುಗಳ ನಡುವೆ ಇರಬೇಕಾದ, ಸೋಲ್ಡರ್ ಹರಡದಂತೆ ತಡೆಯುವ ಹಸಿರು ಲೇಪದ (ಸೋಲ್ಡರ್ ಮಾಸ್ಕ್) ಗೆರೆ ಈ ಬೋರ್ಡಿನಲ್ಲಿ ಬಂದೇ ಇರಲಿಲ್ಲ. ಬೋರ್ಡಿನ ವಿನ್ಯಾಸದ ಫೈಲಿನಲ್ಲಿ ಮಾಸ್ಕಿನ ಕಿಂಡಿ ಕಿರಿದು ಮಾಡಿದೆ. ಇದ್ದ ಬೋರ್ಡುಗಳಲ್ಲಿ ಸೇರಿಕೊಂಡ ಸೋಲ್ಡರನ್ನು ತಾಮ್ರದ ಬತ್ತಿಯಿಂದ ಹೀರಿ ತೆಗೆದೆ. ಕರೆಂಟ್ 60ಕ್ಕೆ ಇಳಿಯಿತು.

ಇಷ್ಟಾದರೂ 7805ರ ಲೆಕ್ಕ ಬಾಕಿ. 5 ವೋಲ್ಟಿನ ಈ ರಿಲೇಯ ಕಾಯಿಲ್ 70 ಓಮ್, ಒಂದಕ್ಕೆ ಸುಮಾರು 71 ಮಿಲಿಆಂಪ್. ಎರಡೂ ಹಿಡಿದಾಗ ಬೋರ್ಡಿನ 60 ಸೇರಿ ಒಟ್ಟು ಸುಮಾರು 200. 7 ವೋಲ್ಟ್ ಇಳಿಸುವಾಗ 1.4 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದ ಟಿಒ-220ಕ್ಕೆ (7805ರ ಕವಚದ ಮಾದರಿ) ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ, ಅಂದರೆ 91. ಮಧ್ಯಾಹ್ನ ಪೆಟ್ಟಿಗೆಯೊಳಗೆ 45 ಡಿಗ್ರಿ ಇದ್ದರೆ ಒಳಗಿನ ಸಿಲಿಕಾನ್ 136 ತಲುಪುತ್ತದೆ. 125 ದಾಟಬಾರದು.

ರಿಲೇಯನ್ನೇ 12 ವೋಲ್ಟಿನದಕ್ಕೆ ಬದಲಿಸಿದೆ. ಅದರ ಕಾಯಿಲ್ 400 ಓಮ್, 30 ಮಿಲಿಆಂಪ್ ಸಾಕು, ಅದೂ ನೇರ ಅಡಾಪ್ಟರಿನಿಂದ. ರಿಲೇಗೆ ಇದ್ದ ಟ್ರಾನ್ಸಿಸ್ಟರು, ಡಯೋಡು ಮೊದಲಿನವೇ. ಈಗ 7805ರ ಪಾಲಿಗೆ 60 ಮಿಲಿಆಂಪ್ ಮಾತ್ರ, ಅರ್ಧ ವ್ಯಾಟೂ ಇಲ್ಲ. ಏರಿಕೆ 27 ಡಿಗ್ರಿಯಷ್ಟೇ. 7805ರ ಬದಲು ಹೆಚ್ಚು ಕಾಯದೆ ವೋಲ್ಟ್ ಇಳಿಸುವ ಬಕ್ ಕನ್ವರ್ಟರ್ ಹಾಕುವ ಯೋಚನೆಯೂ ಇತ್ತು, ಇಷ್ಟು ಚಿಕ್ಕ ಕೆಲಸಕ್ಕೆ ಅದು ಜಾಸ್ತಿಯಾಯಿತು.

ಗಾಳಿಗೆಂದು ಪೆಟ್ಟಿಗೆಗೆ ತೂತು ಹೊಡೆಯಲಿಲ್ಲ. ನಮ್ಮ ಮಳೆಗಾಲದಲ್ಲಿ ತೂತು ಸಿಕ್ಕಿದರೆ ಇರುವೆ ಮೊದಲು ಬರುತ್ತದೆ, ತೇವ ಆಮೇಲೆ. ಮಾಡಿಗೆ ತಾಗಿದ್ದ ಪೆಟ್ಟಿಗೆಯನ್ನು ಕೆಳಗಿಳಿಸಿ, ಬಿಸಿಲು ಬೀಳದ ಗೋಡೆಗೆ ಕಟ್ಟಿಸಿದೆ.