ಬಳ್ಳಾರಿಯ ಬಯಲಲ್ಲಿ ಸೈಕಲ್ ತುಳಿದು ಸಂಡೂರಿನ ಗುಡ್ಡ ಹತ್ತುವುದು ಹೇಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸೈಕಲ್ ಹಿಡಿದವರೆಲ್ಲ ಹೇಳುವುದು ಒಂದೇ: ನಮ್ಮಲ್ಲಿ ಏರೇ ಇಲ್ಲ, ಗುಡ್ಡ ಹತ್ತೋ ಕಸುವು ಎಲ್ಲಿಂದ ಬರಬೇಕು? ಏರು ಕಡಿಮೆ, ನಿಜ. ಆದರೆ ಆಷಾಢದ ಗಾಳಿ ಇದೆಯಲ್ಲ. ಮಳೆಗಾಲದಲ್ಲಿ ಪಶ್ಚಿಮದಿಂದ ಬೀಸುವ ಆ ಗಾಳಿಗೆ ಎದೆಯೊಡ್ಡಿ ಒಂದು ತಾಸು ತುಳಿದು ನೋಡಿ, ಸಪಾಟು ರಸ್ತೆಯಲ್ಲೇ ತೊಡೆ ಉರಿಯುತ್ತದೆ. ಏರಿನಲ್ಲಿ ಆಗುವುದೂ ಅದೇ: ಕಾಲಿಗೆ ಪುರುಸೊತ್ತು ಸಿಗುವುದಿಲ್ಲ, ತುಳಿಯುವುದು ನಿಲ್ಲಿಸಿದರೆ ಸೈಕಲ್ಲೂ ನಿಲ್ಲುತ್ತದೆ. ಹಾಗಾಗಿ ಹೋಗುವಾಗ ಎದುರುಗಾಳಿ ಸಿಗುವ ದಿಕ್ಕು ಹಿಡಿಯಿರಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ರಾಯಚೂರಿನವರಿಗೆ ಲಿಂಗಸುಗೂರು ರಸ್ತೆ, ಕೊಪ್ಪಳದವರಿಗೆ ಗದಗ ರಸ್ತೆ.

ಆದರೆ ಮೊದಲ ತಿಂಗಳು ಗಾಳಿ ಜೊತೆ ಜಗಳ ಬೇಡ. ವಾರಕ್ಕೆ ಮೂರು ನಾಲ್ಕು ದಿನ, ದಿನಕ್ಕೆ ಮುಕ್ಕಾಲು ತಾಸು, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ. ಒಂದೆರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಇದು ಎಲ್ಲರಿಗೂ ಬೇಜಾರು ತರಿಸುವ ಮಾತು, ಏಕೆಂದರೆ ಹೊಸದರಲ್ಲಿ ದಿನಾ ದಮ್ಮು ಕಟ್ಟಿ ತುಳಿದರೇನೇ ವ್ಯಾಯಾಮ ಅನ್ನಿಸುತ್ತದೆ. ಹೃದಯ, ಶ್ವಾಸ, ಸ್ನಾಯುವಿನೊಳಗಿನ ಸಣ್ಣ ರಕ್ತನಾಳ ಎಲ್ಲಾ ಹದಕ್ಕೆ ಬರುವುದು ಈ ನಿಧಾನದ ಸವಾರಿಯಲ್ಲೇ. ಬಿಪಿ, ಶುಗರ್ ಇದ್ದವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಿ.

ಎರಡನೇ ತಿಂಗಳಿಂದ ವಾರಕ್ಕೆ ಒಂದೇ ಒಂದು ದಿನ ಕಷ್ಟದ ದಿನ. ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ನಾಲ್ಕು ನಿಮಿಷ ಎದುರುಗಾಳಿಗೆ ಜೋರಾಗಿ, ಆಮೇಲೆ ಮೂರು ನಿಮಿಷ ಆರಾಮಾಗಿ. ಹೀಗೆ ನಾಲ್ಕು ಸಲ. ಗಾಳಿ ಇಲ್ಲದ ದಿನ ಊರ ಹೊರಗಿನ ರೈಲ್ವೆ ಮೇಲ್ಸೇತುವೆ ಹುಡುಕಿ, ಬೆಳಗಿನ ಜಾವ ವಾಹನ ಇಲ್ಲದಾಗ ಅದನ್ನೇ ಹತ್ತಿ ಇಳಿಯಿರಿ. ನೋಡಿದವರು ನಗುತ್ತಾರೆ, ನಗಲಿ. ಗಂಗಾವತಿ, ಕೊಪ್ಪಳದ ಕಡೆಯವರಾದರೆ ಅಂಜನಾದ್ರಿವರೆಗೆ ಸೈಕಲ್ಲಲ್ಲಿ ಹೋಗಿ, ಕೆಳಗೆ ಬೀಗ ಹಾಕಿ, 575 ಮೆಟ್ಟಿಲು ಹತ್ತಬಹುದು. ಇಳಿಯುವಾಗ ಮಾತ್ರ ಓಡಬೇಡಿ, ಮಂಡಿ ಕೈಕೊಡುತ್ತದೆ.

ಭಾನುವಾರ ಉದ್ದದ ಸವಾರಿ, ಅದೂ ನಿಧಾನವೇ. ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಈ ವಾರ 30 ಕಿಲೋಮೀಟರ್ ಆದರೆ ಮುಂದಿನ ವಾರ 33 ಸಾಕು, 50 ಬೇಡ.

ಈಗ ಗೇರಿನ ವಿಷಯ. ಏರು ಹತ್ತೋದು ತೊಡೆಯ ಬಲದಿಂದ ಅಂದುಕೊಂಡು ದೊಡ್ಡ ಗೇರಲ್ಲೇ ಒದ್ದಾಡುವವರೇ ಜಾಸ್ತಿ. 15 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಕೆಳಗೆ ಬಂತು ಅಂತ ಎಣಿಸಿ. ಸಪಾಟಿನಲ್ಲಿ 20 ಸಲ, ಏರಿನಲ್ಲಿ 16-17 ಬಂದರೆ ಚೆನ್ನ. 12ಕ್ಕಿಂತ ಕೆಳಗೆ ಇಳಿದರೆ ಮಂಡಿ ಮೇಲೆ ಭಾರ ಬೀಳುತ್ತಿದೆ, ಹಗುರ ಗೇರಿಗೆ ಬನ್ನಿ. ಅದನ್ನೂ ಏರು ಶುರುವಾಗುವ ಮೊದಲೇ ಬದಲಿಸಬೇಕು, ಪೂರ್ತಿ ಬಲ ಹಾಕುತ್ತಾ ಬದಲಿಸಿದರೆ ಚೈನು ಕಳಚುತ್ತದೆ. ಗೇರಿಲ್ಲದ ಸೈಕಲ್ ಆದರೆ ಅಂಗಡಿಯಲ್ಲಿ ಹಿಂದಿನ ಫ್ರೀವ್ಹೀಲ್, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲಿನ ಚಕ್ರ, ಬದಲಿಸಿಕೊಡಲು ಹೇಳಿ. 18 ಹಲ್ಲಿನ ಜಾಗಕ್ಕೆ 22ರದ್ದು ಬಂದರೆ ಏರಿನಲ್ಲಿ ಜೀವ ಉಳಿಯುತ್ತದೆ, ಸಪಾಟಿನಲ್ಲಿ ವೇಗ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಸೀಟಿನ ಎತ್ತರ ಸುಲಭ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು.

ಭಾರದ ಲೆಕ್ಕವನ್ನೂ ಕೇಳಿ. ನೀವು 70 ಕೆಜಿ, ಸೈಕಲ್ಲು ನೀರು ಸೇರಿ 15 ಕೆಜಿ ಅಂತಿಟ್ಟುಕೊಳ್ಳಿ. 150 ವ್ಯಾಟ್ ಬಲದಲ್ಲಿ ತುಳಿದರೆ, ಗಾಳಿ, ರಸ್ತೆಯ ತಡೆ ಬಿಟ್ಟೇ, 100 ಮೀಟರ್ ಎತ್ತರ ಏರಲು ಒಂಬತ್ತು ನಿಮಿಷ ದಾಟುತ್ತದೆ. ಮೈಯಲ್ಲಿ 5 ಕೆಜಿ ಇಳಿದರೆ ಅರ್ಧ ನಿಮಿಷ ಉಳಿಯುತ್ತದೆ. ಒಂದು ಕೆಜಿ ಹಗುರದ ಸೈಕಲ್ಲಿಗೆ ಸಾವಿರಾರು ರೂಪಾಯಿ ಸುರಿದರೆ ಉಳಿಯುವುದು ಆರೇಳು ಸೆಕೆಂಡು. ಒಗ್ಗರಣಿ ಜೊತೆ ಎರಡನೇ ಪ್ಲೇಟ್ ಮಿರ್ಚಿ ಬಿಟ್ಟರೆ ಅದು ಬಿಟ್ಟಿಯಾಗೇ ಸಿಗುತ್ತದೆ, ಅಲ್ವಾ? ಆದರೆ ಉಪವಾಸ ಮಾಡಿ ತುಳಿಯಬೇಡಿ. ಒಂದೂವರೆ ತಾಸು ದಾಟುವ ಸವಾರಿಗೆ ಜೇಬಲ್ಲಿ ಬಾಳೆಹಣ್ಣೋ ಶೇಂಗಾ ಉಂಡೆಯೋ ಇರಲಿ.

ನಮ್ಮ ಬಿಸಿಲು ಬೇರೆ. ಮಾರ್ಚ್‌ನಿಂದ ಮೇವರೆಗೆ ಐದೂವರೆಗೇ ಹೊರಟು ಎಂಟರೊಳಗೆ ಮನೆ ಸೇರಿ. ಕತ್ತಲಲ್ಲಿ ಹೊರಡುವುದರಿಂದ ಹಿಂದೆ ಮುಂದೆ ಲೈಟ್ ಬೇಕೇ ಬೇಕು. ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬೆವರು ಜಾಸ್ತಿ ಆದರೆ ಓಆರ್‌ಎಸ್, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ತಲೆ ಸುತ್ತಿದರೆ, ಮೈ ಚಳಿ ಹಿಡಿದಂತಾದರೆ ನೆರಳು ಹುಡುಕಿ, ಹಟ ಬೇಡ. ಇನ್ನು ರಸ್ತೆ ಬದಿಯ ಬಳ್ಳಾರಿ ಜಾಲಿ ಗೊತ್ತಲ್ಲ, ಅದರ ಮುಳ್ಳಿಗೆ ಯಾವ ಟೈರೂ ದೊಡ್ಡದಲ್ಲ. ಒಂದು ಟ್ಯೂಬು, ಸಣ್ಣ ಪಂಪು ಇಲ್ಲದೆ ಊರು ಬಿಡಬೇಡಿ. ಮಳೆ ಬಂದ ಮೇಲೆ ಎರೆ ಹೊಲದ ದಾರಿಗೂ ಇಳಿಯಬೇಡಿ, ಆ ಮಣ್ಣು ಮಡ್‌ಗಾರ್ಡಲ್ಲಿ ಕಚ್ಚಿಕೊಂಡರೆ ಸೈಕಲ್ಲನ್ನು ನೀವೇ ಹೊರಬೇಕು.

ಮೂರ್ನಾಲ್ಕು ತಿಂಗಳಾದ ಮೇಲೆ ಸಂಡೂರಿಗೆ ಹೋಗಿ, ಕುಮಾರಸ್ವಾಮಿ ಗುಡಿಯ ಕಡೆ ಹತ್ತುವ ರಸ್ತೆ ಹಿಡಿಯಿರಿ. ಮೊದಲ ಹತ್ತು ನಿಮಿಷ ಇದೇನು ಇಷ್ಟು ಸುಲಭ ಅನ್ನಿಸುವಷ್ಟು ನಿಧಾನ ಹೋಗಿ. ಅಲ್ಲೇ ಕಾಲು ಖಾಲಿ ಮಾಡಿಕೊಂಡವರು ಆಮೇಲೆ ಸೈಕಲ್ ತಳ್ಳುತ್ತಾರೆ. ಕೂತೇ ತುಳಿಯಿರಿ, ಕಡಿದಾದ ತಿರುವಿನಲ್ಲಿ ಮಾತ್ರ ನಾಲ್ಕು ತುಳಿತ ನಿಂತು. ತಿರುವಿನ ಒಳಬದಿ ಹೆಚ್ಚು ಕಡಿದು, ಹಿಂದೆ ಮುಂದೆ ವಾಹನ ಇಲ್ಲದಿದ್ದರೆ ಸ್ವಲ್ಪ ಹೊರಗಿಂದ ಬನ್ನಿ. ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹಾರ್ನ್ ಕೇಳಿದರೆ ಪೂರ್ತಿ ಎಡಕ್ಕೆ ಸರಿದು ನಿಂತುಬಿಡಿ. ಇಳಿಯುವಾಗ ಎರಡೂ ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು, ಆಮೇಲೆ ಸಡಿಲಿಸಿ, ಹಿಡಿದುಕೊಂಡೇ ಇದ್ದರೆ ರಿಮ್ ಕಾಯುತ್ತದೆ. ಕೆಂಪು ಧೂಳು ಮಳೆಯಲ್ಲಿ ನೆನೆದಿದ್ದರೆ ಇನ್ನೂ ನಿಧಾನ, ಅದು ಜಾರುತ್ತದೆ.